ಸೌಟಿನ ಪೆಟ್ಟು

ಮೇಷ್ಟ್ರು ಹೊಡೆದದ್ದು ಒಂದೇ ಪೆಟ್ಟು. ಮರದ ರೂಲುದೊಣ್ಣೆ ಅರ್ಪಿತಾಳ ಎಡಗಿವಿಗೆ ಅಡ್ಡಲಾಗಿ ಬಿತ್ತು. ಹತ್ತು ವರ್ಷದ ಹುಡುಗಿ ಕುತ್ತಿಗೆಗಿಳಿದ ರಕ್ತವನ್ನು ಲಂಗದ ತುದಿಯಲ್ಲಿ ಒರೆಸಿಕೊಳ್ಳುತ್ತ ಬಸರೀಕಟ್ಟೆಯ ಮನೆಗೆ ಬಂದಾಗ ತಾಯಿ ಸುಲೋಚನಮ್ಮ ಹಂಡೆಗೆ ನೀರು ತುಂಬುತ್ತಿದ್ದಳು. ಕೊಡವನ್ನು ಅಲ್ಲೇ ಕುಕ್ಕಿ, ಸೆರಗು ಸಿಕ್ಕಿಸಿ ಶಾಲೆಗೆ ನಡೆದಳು. ಮೇಜಿನ ಮೇಲಿದ್ದ ಅದೇ ದೊಣ್ಣೆಯನ್ನೆತ್ತಿ ಮೇಷ್ಟ್ರ ಹೆಗಲಿಗೆ ಎರಡು ಬಿಟ್ಟಳು. ಮೂರನೆಯದು ಕಿಟಕಿಯ ಸರಳಿಗೆ ತಗಲಿ ದೊಣ್ಣೆ ಮುರಿಯಿತು.

ಇದು ಎರಡು ಸಾವಿರದ ನಾಲ್ಕನೆಯ ಇಸವಿಯ ನವೆಂಬರಿನ ಮಾತು. ಆ ಕಿವಿಗೆ ಮತ್ತೆ ಕೇಳಿಸಲಿಲ್ಲ.

ಆ ವಾರವೇ ಸುಲೋಚನಮ್ಮ ಮಗಳನ್ನು ಶೃಂಗೇರಿಗೆ ಕರೆದೊಯ್ದಳು. ತುಂಗೆಯಲ್ಲಿ ಕಾಲು ತೊಳೆದು, ಶಾರದೆಯ ಎದುರು ಕೈಮುಗಿದು, ಇನ್ನು ಈ ಕೂಸಿಗೆ ನಾನೇ ಕಲಿಸುತ್ತೇನೆ, ಇವಳ ಮೇಲೆ ಯಾರ ಕೈಯೂ ಬೀಳಬಾರದು ಎಂದು ಹೇಳಿಕೊಂಡಳು. ದೇವರ ಮುಂದೆ ಆಡಿದ ಮಾತು ಆಡಿದವರಿಗೆ ಹಗುರವೆನಿಸುತ್ತದೆ. ಅದರ ಭಾರ ತಿಳಿಯುವುದು ಮನೆಗೆ ಬಂದು ಒಲೆ ಹೊತ್ತಿಸಿದ ಮೇಲೆ.

ಮನೆಯ ಯಜಮಾನ ಮಾವ ಕೃಷ್ಣಪ್ಪ. ಎತ್ತು, ನಾಯಿ, ಆಳು, ಮಕ್ಕಳು, ಎಲ್ಲರಿಗೂ ಅವನ ಒಂದೇ ಬೆತ್ತ. ನಲವತ್ತರ ಹತ್ತಿರದ ಮಗ, ಸುಲೋಚನಮ್ಮನ ಗಂಡ ಧರ್ಮೇಶನ ಬೆನ್ನಿನ ಮೇಲೂ ಅದರ ಗೆರೆಗಳಿದ್ದವು. ಕೊಪ್ಪದ ದಾರಿಯಲ್ಲಿ ಜೀಪು ಓಡಿಸುವ ಧರ್ಮೇಶ ಅಪ್ಪನಿಗೆ ಒಂದು ದಿನವೂ ಎದುರಾಡಿದವನಲ್ಲ.

"ಜೂನ್‌ ತನಕ ಅಡುಗೆಮನೇಲೇ ಶಾಲೆ ನಡ್ಸು ಮಾರಾಯ್ತಿ," ಎಂದಿದ್ದ ಕೃಷ್ಣಪ್ಪ. "ಶೃಂಗೇರಿ ಶಾಲೆಯೋರು ಪರೀಕ್ಷೆ ಮಾಡಿ ಐದನೇ ಕ್ಲಾಸಿಗೆ ತಗಂಡ್ರೆ ಸರಿ. ಇಲ್ದಿದ್ರೆ ಅದೇ ಮೇಷ್ಟ್ರ ಹತ್ರ ಕಳ್ಸೋದೇ. ನಾನೇ ಕೈ ಹಿಡ್ದು ಬಿಟ್ಟು ಬತ್ತೀನಿ."

ಹೀಗೆ ಶುರುವಾಯಿತು ಪಾಠ. ಒಲೆಯ ಮುಂದಿನ ಬೂದಿಯಲ್ಲಿ ಅಕ್ಷರ, ರೇಷನ್‌ ಅಂಗಡಿಯ ದಾರಿಯಲ್ಲಿ ತಿರುವಿಗೊಂದು ಮಗ್ಗಿ. ಹಿಟ್ಟು ರುಬ್ಬುತ್ತ ಓದಿಸುವುದು, ಹಾಲು ಕರೆಯುತ್ತ ಕಾಗುಣಿತ ಕೇಳುವುದು. ನಡುವೆ ಮಾವನಿಗೆ ಬಿಸಿನೀರು, ಆಳುಗಳಿಗೆ ಗಂಜಿ, ಅತ್ತೆಯ ಜಾಗದಲ್ಲಿದ್ದ ವಿಧವೆ ಚಿಕ್ಕಕ್ಕನಿಗೆ ಕಷಾಯ. ಚಿಕ್ಕಕ್ಕ ಕೃಷ್ಣಪ್ಪನ ತಂಗಿ, ಬಾಯಿ ಸ್ವಲ್ಪ ಜೋರು. "ನಿಮ್ಮಮ್ಮ ಸಾರಿಗೆ ಉಪ್ಪು ಹಾಕಾಗ್ಲೂ ಏಳೆಂಟ್ಲಿ ಐವತ್ತಾರು ಅಂತ್ಲೇ ಹಾಕ್ತಾಳೆ ಕಣೆ," ಎಂದು ಅರ್ಪಿತಾಳನ್ನು ನಗಿಸುತ್ತಿದ್ದಳು.

ಮೇ ಕೊನೆಗೆ ಹುಡುಗಿಗೆ ಬಹಳಷ್ಟು ಬಂದಿತ್ತು. ಭಾಗಾಕಾರದಲ್ಲಿ ಶೇಷ ಉಳಿಯುವ ಲೆಕ್ಕ ಮಾತ್ರ ಕೈಕೊಡುತ್ತಿತ್ತು. ಪರೀಕ್ಷೆ ಸೋಮವಾರಕ್ಕೆ ಗೊತ್ತಾಯಿತು. ಅದರ ಹಿಂದಿನ ದಿನವೇ ಬನದ ದೇವತೆ ಚೌಡಿಯ ಆ ವರ್ಷದ ಹರಕೆಯೂ ಬಂತು.

ಆ ಮನೆತನದ ಹರಕೆಗೆ ಒಂದು ಕಟ್ಟಳೆಯಿದೆ. ಬನದ ಕಲ್ಲಿನ ಮುಂದೆ ಮನೆಯವರು ಒಬ್ಬೊಬ್ಬರಾಗಿ ನಿಂತು ಆ ವರ್ಷ ತಾವು ಮಾಡಿದ ಎಲ್ಲಕ್ಕಿಂತ ದೊಡ್ಡ ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಪೂಜಾರಿ ಬೂತಪ್ಪ ಅವರ ಹೆಸರಿನ ಕೋಳಿ ಕೊಯ್ಯುತ್ತಾನೆ. ಸುಳ್ಳು ಹೇಳಿದರೆ ಕತ್ತಿ ಎತ್ತುವುದಿಲ್ಲ.

ಭಾನುವಾರ ಬೆಳಿಗ್ಗೆಯೇ ಅಂಗಳದಲ್ಲಿ ಕಾಲು ಕಟ್ಟಿದ ಹುಂಜಗಳು ರೆಕ್ಕೆ ಬಡಿಯುತ್ತಿದ್ದವು. ನಲವತ್ತು ಜನರ ಊಟ. ಒಂದು ಒಲೆಯಲ್ಲಿ ಕಡುಬಿನ ಹಬೆ, ಇನ್ನೊಂದರಲ್ಲಿ ಮಸಾಲೆ ಕುದಿಯುತ್ತಿತ್ತು.

"ಹಗ್ಗ ಎಲ್ಲಿಟ್ಟಿದೀಯೇ?" ಧರ್ಮೇಶ ಅಂಗಳದಿಂದ ಕೂಗಿದ.

"ಕಾಯಿ ಸಾಕಾಗಲ್ಲ, ಇನ್ನಾಕು ಒಡೀಬೇಕು," ಎಂದಳು ಚಿಕ್ಕಕ್ಕ.

"ಅರಿಶಿನ ಕುಂಕುಮ ಬೂತಪ್ಪಂಗೆ ಕಳ್ಸಿಲ್ವಾ ಇನ್ನೂ?" ಬಾಗಿಲಲ್ಲಿ ಕೃಷ್ಣಪ್ಪ.

ಅರ್ಪಿತಾ ರುಬ್ಬುಗಲ್ಲಿನ ಗಡಗಡ ಸದ್ದು ಬಲಗಿವಿಗೆ ಬಡಿಯುವಷ್ಟು ಹತ್ತಿರ ಸ್ಲೇಟು ಹಿಡಿದು ಕೂತಿದ್ದಳು. ಸುಲೋಚನಮ್ಮ ಮಸಾಲೆ ತಿರುವುತ್ತಲೇ ಕೇಳಿದಳು, "ಐವತ್ತು ಕಡುಬು, ಎಂಟು ಜನ. ತಲೆಗೆಷ್ಟು, ಉಳಿದದ್ದೆಷ್ಟು?"

ಹುಡುಗಿ ತಲೆ ಎತ್ತಲಿಲ್ಲ. ಮತ್ತೆ ಕೇಳಿದಳು. ಮೂರನೆಯ ಸಲ ಅರಚಿದಳು.

"ಚೆಂದ ಉಂಟು ನಿನ್ನ ಶಾಲೆ," ಕೃಷ್ಣಪ್ಪ ನಕ್ಕ. "ಆರು ತಿಂಗಳು ಉಪ್ಪು ಖಾರ ಹಾಕಿ ಬೇಯ್ಸಿದ್ರೂ ಕಾಳು ಬೇಯ್ಲಿಲ್ಲ. ಮಂಗಳವಾರ ಮೇಷ್ಟ್ರ ಹತ್ರ ಹೊರಡ್ಸು."

ಸುಲೋಚನಮ್ಮನ ಕೈ ತನ್ನಷ್ಟಕ್ಕೇ ಎದ್ದಿತು. ಕುದಿಯುವ ಪಾತ್ರೆಯಲ್ಲಿದ್ದ ಕಬ್ಬಿಣದ ಸೌಟು ಅರ್ಪಿತಾಳ ಹಣೆಗೆ ಬಡಿಯಿತು. ಹುಬ್ಬಿನ ಮೇಲೆ ಚರ್ಮ ಬಿರಿಯಿತು. ಬಿಸಿ ಮಸಾಲೆಯೂ ರಕ್ತವೂ ಒಂದೇ ಬಣ್ಣದಲ್ಲಿ ಕಣ್ಣಿನೊಳಕ್ಕೆ ಇಳಿದವು. ಹುಡುಗಿ ಕಿರುಚಿ, ಕಣ್ಣುಜ್ಜುತ್ತ ತಾಯಿಯತ್ತ ತಿರುಗಿದಳು.

"ಎಂತಮ್ಮ? ನೀ ಏನಾರೂ ಕೇಳಿದ್ಯಾ?"

ಮಗಳ ಎಡಗಡೆ ನಿಂತು ತಾನು ಕೂಗುತ್ತಿದ್ದೆ ಎಂಬುದು ಸುಲೋಚನಮ್ಮನಿಗೆ ಆಗ ತಿಳಿಯಿತು. ಕೃಷ್ಣಪ್ಪ, "ಈಗ ನೀನೂ ಮೇಷ್ಟ್ರಾದೆ ನೋಡು," ಎಂದು ಬೆತ್ತ ಊರುತ್ತ ಹೊರಟುಹೋದ. ಚಿಕ್ಕಕ್ಕ ತಣ್ಣೀರು ಹುಯ್ದು ಕಣ್ಣು ತೊಳೆದಳು, ಬಟ್ಟೆ ಕಟ್ಟಿದಳು. ತಾಯಿ ಮುಟ್ಟಲು ಹೋದಾಗ ಹುಡುಗಿ ಗೋಡೆಗೆ ಸರಿದಳು. ಒಲೆಯ ಮೇಲೆ ಮಸಾಲೆ ತಳ ಹಿಡಿಯಿತು. ನಲವತ್ತು ಜನರ ಊಟ ನಿಲ್ಲಿಸುವ ಹಾಗಿರಲಿಲ್ಲ. ಸುಲೋಚನಮ್ಮ ಅದೇ ಸೌಟನ್ನು ತೊಳೆದು ಮತ್ತೆ ತಿರುವಿದಳು.

ಮಧ್ಯಾಹ್ನ ಎಲ್ಲರೂ ಬನಕ್ಕೆ ಹೋದರು. ಮೊದಲು ಧರ್ಮೇಶ ನಿಂತ. ಕೊಪ್ಪದಲ್ಲಿ ಒಬ್ಬ ಮುದುಕನನ್ನು ಹತ್ತಿಸಿಕೊಳ್ಳದೆ ಜೀಪು ಬಿಟ್ಟೆ ಎಂದ. ಬೂತಪ್ಪನ ಕತ್ತಿ ಬಿತ್ತು, ಹುಂಜದ ತಲೆ ಕಲ್ಲಿನ ಬುಡಕ್ಕೆ ಉರುಳಿತು. ನೆರೆಮನೆಯ ಹಲಸು ಕೊಯ್ದು ತಪ್ಪನ್ನು ಹಂದಿಯ ಮೇಲೆ ಹಾಕಿದೆ ಎಂದಳು ಚಿಕ್ಕಕ್ಕ. ಜನ ನಕ್ಕರು. ಇನ್ನೊಂದು ತಲೆ ಉರುಳಿತು.

ಸುಲೋಚನಮ್ಮ ಕಲ್ಲಿನ ಮುಂದೆ ಬಂದು ಗಟ್ಟಿಯಾಗಿ ಹೇಳಿದಳು. "ಯಾರ ಕೈಯೂ ಬೀಳ್ಬಾರ್ದು ಅಂತ ಶಾರದಮ್ಮನ ಮುಂದೆ ಹೇಳಿ ಬಂದೆ. ಇವತ್ತು ನನ್ನ ಕೈಯೇ ಬಿತ್ತು. ಕಿವಿ ಕೇಳದ ಕೂಸಿನ ಹಣೆ ಒಡ್ದೆ."

ಯಾರೂ ನಗಲಿಲ್ಲ. ಬೂತಪ್ಪ ಅವಳನ್ನೇ ನೋಡಿ ಕತ್ತಿ ಬೀಸಿದ. ರುಂಡವಿಲ್ಲದ ಹುಂಜ ಅವನ ಹಿಡಿತ ತಪ್ಪಿಸಿ ನಾಲ್ಕು ಹೆಜ್ಜೆ ಓಡಿ, ಅರ್ಪಿತಾಳ ಪಾದಕ್ಕೆ ರಕ್ತ ಚಿಮ್ಮಿಸಿ ಬಿದ್ದುಕೊಂಡಿತು.

ಕೊನೆಗೆ ಕೃಷ್ಣಪ್ಪ. "ಒಂದು ಶನಿವಾರ ಉಪವಾಸ ಬಿಟ್ಟೆ," ಎಂದ.

"ಅಜ್ಜ ಸುಳ್ಳು ಹೇಳ್ತಿದೆ," ಎಂದಳು ಅರ್ಪಿತಾ.

"ಏ ಕೂಸೆ!" ಚಿಕ್ಕಕ್ಕ ಬಾಯಿ ಮುಚ್ಚಲು ಹೋದಳು.

"ಹೊಡೀರಿ, ಎಷ್ಟು ಬೇಕಾದ್ರೂ ಹೊಡೀರಿ, ಕೇಳಕ್ಕೆ ಯಾರೂ ಬರಲ್ಲ ಅಂತ ಮೇಷ್ಟ್ರಿಗೆ ಹೇಳಿದ್ದು ಅಜ್ಜನೇ. ನಾ ಅಲ್ಲೇ ಇದ್ದೆ. ಮೇಷ್ಟ್ರೂ ಹೊಡೆಯೋವಾಗ ನಿಮ್ಮಜ್ಜನೇ ಹೇಳಿದಾರೆ ಅಂದ್ರು. ಮನೇಲಿ ಹೇಳಿದ್ರೆ ಅಜ್ಜ ಕೊಲ್ತದೆ ಅಂತ ಹೇಳ್ಲಿಲ್ಲ."

ಬೂತಪ್ಪ ಕತ್ತಿಯನ್ನು ನೆಲಕ್ಕಿಳಿಸಿದ. "ಹೌದಾ ಗೌಡ್ರೆ?"

ಕೃಷ್ಣಪ್ಪನ ಉತ್ತರ ಬೆತ್ತದಲ್ಲಿತ್ತು. ಅದು ಮಗುವಿನ ತಲೆಗೆ ಗುರಿಯಿಟ್ಟು ಮೇಲೆದ್ದಿತು. ಸುಲೋಚನಮ್ಮ ನಡುವೆ ನುಗ್ಗಿ ತೋಳು ಅಡ್ಡ ಕೊಟ್ಟಳು. ಒಣ ಸೌದೆ ಮುರಿದ ಹಾಗೆ ಮೂಳೆ ಲಟಕ್ಕೆಂದಿತು. ಬೆತ್ತದ ಕಬ್ಬಿಣದ ತುದಿ ಚರ್ಮ ಸೀಳಿ, ಅವಳ ರಕ್ತ ಚೌಡಿಯ ಕಲ್ಲಿನ ಮೇಲೆ ಸುರಿಯಿತು. ಕೃಷ್ಣಪ್ಪ ಎರಡನೆಯ ಸಲ ಎತ್ತಿದ. ಆಗ ಧರ್ಮೇಶ ಅಪ್ಪನ ಮಣಿಕಟ್ಟು ಹಿಡಿದು ತಿರುಚಿ, ಬೆತ್ತ ಕಿತ್ತುಕೊಂಡು, ಎದೆಗೆ ಒದ್ದು ಕೆಡವಿದ. ಬಿದ್ದವನ ಮೇಲೆ ಬೆತ್ತ ಎತ್ತಿ ನಿಂತ. ಧರ್ಮೇಶನ ಗಂಟಲಿನಿಂದ ದನ ಕೂಗಿದಂಥ ಸ್ವರ ಬಂತು.

"ಬೇಡ," ಎಂದಳು ಸುಲೋಚನಮ್ಮ, ಕೆಳಗೆ ಕೂತಲ್ಲಿಂದಲೇ. "ಸಾಕು ಮಾರಾಯ್ರೆ. ಕೂಸು ನೋಡ್ತಿದೆ."

ಧರ್ಮೇಶ ಬೆತ್ತವನ್ನು ಹಳ್ಳಕ್ಕೆ ಎಸೆದ.

ಬೂತಪ್ಪ ಉಳಿದ ಕೋಳಿಗಳ ಕಾಲಿನ ಹಗ್ಗ ಕೊಯ್ದುಬಿಟ್ಟ. "ಕಲ್ಲಿನ ಮೇಲೆ ಮನುಷ್ಯರ ರಕ್ತ ಬಿತ್ತು. ನನ್ನ ಕತ್ತಿ ಇವತ್ತಿಗೆ ಮುಗೀತು. ಈ ಮನೆ ಯಜಮಾನ್ರು ಇನ್ನು ಬನಕ್ಕೆ ಕಾಲಿಡೋದು ನಿಜ ಹೇಳಕ್ಕೆ ಮಾತ್ರ," ಎಂದ. ಕೃಷ್ಣಪ್ಪ ಎದ್ದು ಕೂತ. ಅವನನ್ನು ಎಬ್ಬಿಸಲು ಯಾರೂ ಕೈ ನೀಡಲಿಲ್ಲ. ಆಜನ್ಮ ದೇವರಿಗೆ ಹೆದರಿದ್ದ ಆ ಮುದುಕ ಕಲ್ಲಿನ ಮೇಲೆ ಹರಿಯುತ್ತಿದ್ದ ರಕ್ತವನ್ನೇ ನೋಡುತ್ತಿದ್ದ.

ಧರ್ಮೇಶ ಹೆಂಡತಿ ಮಗಳನ್ನು ಜೀಪಿಗೆ ಹತ್ತಿಸಿ ಕೊಪ್ಪದ ಆಸ್ಪತ್ರೆಗೆ ಹೊರಟ. ಮುರಿದ ಮೂಳೆಯ ಆಸರೆಗೆ ಅಡಿಕೆಹಾಳೆ ಕಟ್ಟಿದ ತೋಳು ಪ್ರತಿ ಗುಂಡಿಗೂ ಜಗ್ಗುತ್ತಿತ್ತು. ಸುಲೋಚನಮ್ಮ ಹಲ್ಲು ಕಚ್ಚಿ ಕೂತಿದ್ದಳು. ಧರ್ಮೇಶ ರಸ್ತೆ ನೋಡುತ್ತಲೇ ಮಾತಾಡಿದ.

"ನಾಳೆ ಶೃಂಗೇರಿಗೆ ನಾನೇ ಬಿಡ್ತೀನಿ. ಪಾಸಾಗ್ಲಿ, ಬಿಡ್ಲಿ. ಆ ಮೇಷ್ಟ್ರ ಹತ್ರ ನನ್ ಮಗ್ಳು ಹೋಗಲ್ಲ."

ಅರ್ಪಿತಾ ಅಪ್ಪನ ಮುಖ ನೋಡಿದಳು. ಆಮೇಲೆ ತಾಯಿಯ ತೋಳನ್ನು ನೋಡಿದಳು.

"ಭಾಳ ನೋಯ್ತದಾ ಅಮ್ಮ?"

"ಹ್ಞೂಂ."

"ನಂಗೂ ಭಾಳ ನೋಯ್ತು."

"ಗೊತ್ತು ಕೂಸೆ. ತಪ್ಪಾಯ್ತು."

ಹುಡುಗಿ ಜೀಪು ಮುಂದಿನ ಗುಂಡಿಗಿಳಿಯುವ ಮೊದಲು ಎರಡೂ ಕೈಗಳಿಂದ ಆ ಅಡಿಕೆಹಾಳೆಯನ್ನು ಅಡಿಯಿಂದ ಎತ್ತಿ ಹಿಡಿದಳು. ಆಸ್ಪತ್ರೆಯ ಗೇಟು ಬರುವವರೆಗೂ ಬಿಡಲಿಲ್ಲ.