ಎಡಮಗ್ಗುಲಿನ ದೀಪ

ಅಮೋಸ್ ಹ್ಯಾಗಸ್ಟನ್‌ಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಹೆಂಡತಿ ಡಾರ್ಕಸ್‌ಗೆ ಮಾತ್ರ.

ಸೌತ್ ಶೀಲ್ಡ್ಸ್ ಬಂದರಿನ ಕ್ಯಾಪ್ಟನ್ನರ ಮನೆಗಳಲ್ಲಿ ಅವನು ಬರೆದ ಹಡಗಿನ ಚಿತ್ರಗಳೇ ತೂಗುತ್ತಿದ್ದವು. ಹಾಯಿ, ಹಗ್ಗ, ಅಲೆಯ ಇಳಿಜಾರು ಯಾವುದೂ ತಪ್ಪುತ್ತಿರಲಿಲ್ಲ. ಡಾರ್ಕಸ್ ಬಣ್ಣ ಅರೆದು ಕುಡಿಕೆಗಳಿಗೆ ತುಂಬಿ ಕಿಟಕಿಯ ಹಲಗೆಯ ಮೇಲೆ ಯಾವಾಗಲೂ ಒಂದೇ ಕ್ರಮದಲ್ಲಿ ಇಡುತ್ತಿದ್ದಳು. ಗೋಡೆಯ ಕಡೆಯದು ಕೆಂಪು. ಅವನು ಕೈಚಾಚಿದರೆ ಸಾಕಿತ್ತು.

ಮಾರ್ಚ್‌ನಲ್ಲಿ ಡಾರ್ಕಸ್ ಎದೆಯ ಕಾಯಿಲೆಯಿಂದ ಸತ್ತಳು. ಮಣ್ಣು ಮಾಡಿ ಬಂದ ಮೇಲೆ ಮಗಳು ಐಸೊಬೆಲ್ ಮನೆ ತೊಳೆದಳು, ಕುಡಿಕೆಗಳನ್ನೂ ಒರೆಸಿ ಇಟ್ಟು ಗಂಡನ ಮನೆಗೆ ಹೋದಳು. ಯಾವುದನ್ನು ಎಲ್ಲಿಟ್ಟೆ ಎಂದು ಅಮೋಸ್ ಕೇಳಲಿಲ್ಲ. ಕೇಳಿದರೆ ಮಗಳಿಗೆ ಗೊತ್ತಾಗುತ್ತಿತ್ತು, ಆಮೇಲೆ ಊರಿಗೆ. ಊರಿಗೆ ಗೊತ್ತಾದರೆ ಯಾವ ಕ್ಯಾಪ್ಟನ್ನೂ ಅವನ ಬಾಗಿಲಿಗೆ ಬರುತ್ತಿರಲಿಲ್ಲ.

ಚಿತ್ರ ಮುಗಿದ ಮೇಲೆ ಅದನ್ನು ಮೊದಲು ಬಂದರಿನ ಹೆಂಡದಂಗಡಿಯಲ್ಲಿ ನೇತುಹಾಕಬೇಕು. ಆ ಹಡಗಿನ ಆಳುಗಳು ಬಿಯರು ಕುಡಿಯುತ್ತ ತಪ್ಪು ಹುಡುಕುತ್ತಾರೆ. ಸಿಕ್ಕರೆ ಚಿತ್ರಗಾರ ಅಲ್ಲೇ, ಎಲ್ಲರೆದುರು ತಿದ್ದಬೇಕು. ಅಷ್ಟು ವರ್ಷಗಳಲ್ಲಿ ಅಮೋಸ್ ತಿದ್ದಿದ್ದು ಒಂದೇ ಒಂದು ಹಗ್ಗವನ್ನು.

ಈ ಸಲ ಕ್ಯಾಪ್ಟನ್ ಟ್ವೆಡ್ಡಲ್‌ನ 'ಹೋಪ್‌ವೆಲ್' ಹಡಗು. ಮೂತಿ ಎಡಕ್ಕಿತ್ತು, ಎಡಮಗ್ಗುಲು ಪೂರ್ತಿ ಕಾಣುತ್ತಿತ್ತು. ಅಲ್ಲಿ ದೀಪ ಕೂರಿಸುವ ಹಲಗೆ, ಬಲಮಗ್ಗುಲಿನದರ ಹಾಗೆ, ಹಸಿರಾಗಿತ್ತು.

"ಏನಣ್ಣಾ ಅಮೋಸ್," ಎಂದ ಹಡಗಿನ ಬಡಗಿ ನೆಡ್, "ನಮ್ಮ ಹಡಗು ಅಂಡು ಮುಂದ್ಮಾಡ್ಕೊಂಡು ಹೋಗ್ತಾ ಇದ್ಯಾ?"

"ಕತ್ಲಲ್ಲಿ ಇದನ್ನ ನಂಬ್ಕೊಂಡು ಬಂದೋನು ಸೀದಾ ನಮ್ ಪಕ್ಕೆಗೇ ಗುದ್ತಾನೆ," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

"ಸಾಕು ಬಿಡ್ರೋ, ಹೆಂಡ್ತಿ ಹೋಗಿ ತಿಂಗ್ಳಾಗಿಲ್ಲ," ಎಂದ ಕ್ಯಾಪ್ಟನ್. "ಎಡಕ್ಕೆ ಕೆಂಪು ಅಂತ ನಿಂಗೆ ಹೇಳ್ಕೊಡ್ಬೇಕಾ, ಅಮೋಸ್? ತಿದ್ದಿಬಿಡು. ನೆಡ್, ಹಡಗಿಂದ ಬಣ್ಣ ತಗೊಂಬಾ."

ದೀಪದ ಹಲಗೆಗಳಿಗೆ ಬಳಿಯುವ ಎರಡೂ ಬಣ್ಣದ ಡಬ್ಬಿಗಳನ್ನು ನೆಡ್ ತಂದು, ಮುಚ್ಚಳ ತೆಗೆದು ಮುಂದಿಟ್ಟ. ಅಮೋಸ್‌ಗೆ ಎರಡರಲ್ಲೂ ಕೆಸರು ಕಂಡಿತು. ವಾಸನೆಯೂ ಒಂದೇ. ಒಂದು ತುಸು ಕಪ್ಪಗಿತ್ತು. ಮನೆಯಲ್ಲಿ ಅವನು ಹಚ್ಚಿದ್ದ ಹಸಿರು ತಿಳಿಯಾಗಿತ್ತು; ಹಾಗಾದರೆ ಕಪ್ಪಗಿರುವುದೇ ಕೆಂಪು. ಅವನು ಅದರಲ್ಲೇ ಕುಂಚ ಅದ್ದಿದ. ಹಲಗೆಗೆ ಬಳಿದ, ಅಂಚು ಒಂದು ಕೂದಲೆಳೆಯಷ್ಟೂ ಮೀರಲಿಲ್ಲ.

ಯಾರೂ ನಗಲಿಲ್ಲ.

"ಅಣ್ಣಾ," ಎಂದ ನೆಡ್, "ಅದೂ ಹಸಿರೇ."

ಕ್ಯಾಪ್ಟನ್ ಲೋಟ ಕೆಳಗಿಟ್ಟ. "ಎಷ್ಟು ದಿನದಿಂದ ಹಿಂಗೆ?"

"ಹುಟ್ಟಿದಾಗಿಂದ."

"ನಮ್ಮನೇಲಿರೋ ಆ ಎರಡು ಚಿತ್ರ?"

"ಅವು ಅವಳಿದ್ದಾಗ ಬರೆದದ್ದು."

ಹಲಗೆಗೆ ಕೆಂಪು ಬಳಿದವನು ನೆಡ್. ಅಂಚು ಕಲಸಿಹೋಯಿತು. ಕ್ಯಾಪ್ಟನ್ ಒಪ್ಪಿದ ಹಣ ಕೊಟ್ಟು ಚಿತ್ರ ಒಯ್ದ. 'ಹೋಪ್‌ವೆಲ್' ಬಾಲ್ಟಿಕ್ ಸಮುದ್ರಕ್ಕೆ ಹೋಗಿ ಎಲ್ಲ ಆಳುಗಳೊಂದಿಗೆ ಮರಳಿತು. ಅಷ್ಟರಲ್ಲಿ ಅವನಿಗೆ ತಮ್ಮ ಹಡಗಿನ ಚಿತ್ರ ಹೇಳಿದ್ದ ಉಳಿದ ಐವರು ಕ್ಯಾಪ್ಟನ್ನರು ಹೊಳೆಯಾಚೆಯ ಇನ್ನೊಬ್ಬ ಚಿತ್ರಗಾರನನ್ನು ಹುಡುಕಿಕೊಂಡಿದ್ದರು.

ಆ ವರ್ಷ ಅಮೋಸ್ ಕಳೆದುಕೊಂಡದ್ದು ಒಬ್ಬ ಹೆಂಡತಿ, ಐದು ಹಡಗು.