ಕೆಳಗಿನ ಗೆರೆ

ನಮ್ಮ ಮನೆಗೆ ಕಾರು ಬಂದ ಮೇಲೆ ನನ್ನ ಓಡಾಟ ನಿಂತುಹೋಯಿತು. ಕೇಳಿದವರು ನಗುತ್ತಾರೆ, ನಗಲಿ. ಅದಕ್ಕೆ ಮುಂಚೆ ಭದ್ರಾವತಿಯ ಜನ್ನಾಪುರದ ಸ್ಟಾಪಿನಲ್ಲಿ ನಿಂತು, ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿ, ಶಿವಮೊಗ್ಗದ ಗೋಪಾಳದಲ್ಲಿರುವ ಮಗಳ ಮುಖ ನೋಡಿಕೊಂಡು ಸಂಜೆಯೊಳಗೆ ವಾಪಸ್ಸು ಬಂದು ಒಲೆ ಹಚ್ಚುತ್ತಿದ್ದೆ. ಯಾರನ್ನೂ ಕೇಳಬೇಕಾಗಿರಲಿಲ್ಲ. ಸೆಕೆಂಡ್ ಹ್ಯಾಂಡ್ ಬಿಳೀ ಮಾರುತಿ ಅಂಗಳಕ್ಕೆ ಬಂದು ನಿಂತಿತು ನೋಡಿ, ನಮ್ಮ ಯಜಮಾನರು ಹಾಲಸ್ವಾಮಿಯವರ ಕಾನೂನೇ ಬದಲಾಯಿತು.

"ಮನೇಲಿ ಕಾರಿಟ್ಕೊಂಡು ಬಸ್ಸಿಗೆ ಕಾಯ್ತಾ ನಿಂತ್ಕೊಳ್ತೀಯಾ? ನೋಡ್ದೋರು ಏನಂದ್ಕೋತಾರೆ ಮಾರಾಯ್ತಿ?"

ಅದು ಎರಡು ಸಾವಿರದ ಒಂದನೇ ಇಸವಿ. ಪಕ್ಕದ ಮನೆ ಅಕ್ರಂನ ಬಾಡಿಗೆ ಟ್ಯಾಕ್ಸಿ ಬಿಟ್ಟರೆ ನಮ್ಮ ಬೀದಿಯಲ್ಲಿ ಸ್ವಂತದ ಕಾರು ಅಂತ ಇದ್ದದ್ದು ನಮ್ಮದೊಂದೇ. ಹಾಗಾಗಿ ನಾನು ಬಸ್ಸಿಗೆ ಹೋಗುವಂತಿರಲಿಲ್ಲ. ಕಾರೂ ಹೋಗುತ್ತಿರಲಿಲ್ಲ. ನಾನು ಹೊಸಿಲಿನ ಮೇಲೆ ಕೂತು ಅದನ್ನು ನೋಡುತ್ತಿದ್ದೆ, ಅಷ್ಟೇ.

ಕಾರು ಯಾಕೆ ಹೋಗುತ್ತಿರಲಿಲ್ಲ ಅಂದರೆ, ಆಯಿಲ್ ಕಡಿಮೆ ಇತ್ತು.

ನಮ್ಮ ಅಂಗಳ ರಸ್ತೆಗಿಂತ ತಗ್ಗು. ಗೇಟು ಮೂಡಣ ದಿಕ್ಕಿಗಿದೆ. ಅಂಗಳದಿಂದ ರಸ್ತೆಗೆ ಹತ್ತಲು ಸಿಮೆಂಟಿನ ಇಳಿಜಾರು ಮಾಡಿಸಿದ್ದೆವು. ಹೊರಡುವ ಗಾಡಿ ಮೂಡಣಕ್ಕೆ ಮುಖ ಮಾಡಿ ನಿಲ್ಲಬೇಕು, ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಇಡಬೇಕು, ಆಮೇಲೆ ಆಯಿಲ್ ನೋಡಬೇಕು: ಇದು ಇವರ ಕ್ರಮ. ಹಾಗಾಗಿ ಕಾರನ್ನು ಇಳಿಜಾರಿನ ಮೇಲೆ ಗೇಟಿನ ಕಂಬಗಳ ನಡುವೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆಯುತ್ತಿದ್ದರು. ಕಡ್ಡಿಯ ತುದಿಯಲ್ಲಿ ಎರಡು ಗೆರೆ. ಎಣ್ಣೆ ಆ ಎರಡರ ನಡುವೆ ಇರಬೇಕಂತೆ. ಇವರು ಕಡ್ಡಿಯನ್ನು ಬೆಳಕಿಗೆ ಹಿಡಿದು, ಕತ್ತು ಓರೆ ಮಾಡಿ ನೋಡಿ, "ಕೆಳಗಿನ ಗೆರೆ ಮುಟ್ಟಿಲ್ಲ" ಅನ್ನುತ್ತಿದ್ದರು. ಕಾರು ಹಿಂದಕ್ಕೆ ಜಾರಿ ಅಂಗಳ ಸೇರುತ್ತಿತ್ತು.

ಹಾಗಾದರೆ ಆಯಿಲ್ ಹಾಕಬಾರದೇ? ನಾನೂ ಕೇಳಿದ್ದೆ. ಅದಕ್ಕೆ ಬೇರೆಯದೇ ಗ್ರೇಡ್ ಬೇಕಂತೆ, ಹಳೇದಕ್ಕೆ ಹೊಸದು ಬೆರೆಸಬಾರದಂತೆ, ತರಿಸ್ತೀನಿ ಇರು ಅಂತೆ. ಅಕ್ರಂನನ್ನು ಕರೆಯಲಾ ಅಂದರೆ ಮುಖ ಕೆಂಪಾಗುತ್ತಿತ್ತು. "ನನ್ನ ಗಾಡಿ ಇನ್ನೊಬ್ರ ಕೈಗೆ ಕೊಡಲ್ಲ." ಎಂಜಿನ್ನಿನ ಸಂಗತಿ ನನಗೇನು ಗೊತ್ತು? ಇವರೋ ಕಾರ್ಖಾನೆಯ ಬಾಯ್ಲರ್ ಸೆಕ್ಷನ್ನಿನಲ್ಲಿ ಜೀವ ತೇಯ್ದವರು. ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಕೂದಲೆಳೆ ಇಳಿದರೂ ತಮ್ಮ ಕಣ್ಣಿಂದ ತಪ್ಪಿಸಿಕೊಳ್ಳುವುದಿಲ್ಲ ಅಂತ ಎದೆ ತಟ್ಟಿಕೊಳ್ಳುತ್ತಿದ್ದವರು. ನಾನು ನಂಬಿದೆ.

ಕಾರು ತಂದ ಹೊಸದರಲ್ಲಿ ಒಂದೇ ಒಂದು ಸಲ ಶಿವಮೊಗ್ಗಕ್ಕೆ ಹೊರಟಿದ್ದೆವು. ತುಂಗೆಯ ಸೇತುವೆಯ ನಟ್ಟನಡುವೆ ಗಾಡಿ ನಿಂತುಬಿಟ್ಟಿತು. ಹಿಂದೆ ಬಸ್ಸು, ಅದರ ಹಿಂದೆ ಅಡಿಕೆ ಲಾರಿ, ಹಾರ್ನಿನ ಮೇಲೆ ಹಾರ್ನು. ಇವರು ಕೀಲಿ ತಿರುಗಿಸುತ್ತಾರೆ, ಅದು ಕೆಮ್ಮುತ್ತದೆ, ಆರುತ್ತದೆ. ಕೊನೆಗೆ ಯಾರೋ ಬಸ್ಸಿನಿಂದ ಇಳಿದು ಬಂದು, ಇವರನ್ನು ಪಕ್ಕಕ್ಕೆ ಸರಿಸಿ, ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿ ದಡ ಮುಟ್ಟಿಸಿದ. ಮನೆಗೆ ಬಂದು ನೀರು ಕುಡಿದು ಇವರು ಹೇಳಿದ್ದು, "ಆಯಿಲ್ ಕಡಿಮೆ ಇತ್ತು. ಅದಕ್ಕೇ ನಿಂತಿದ್ದು." ಅಂದಿನಿಂದ ಶುರುವಾದದ್ದು ಈ ಕಡ್ಡಿಯ ಪೂಜೆ.

ಇಷ್ಟಾದರೂ ನಾನು ಸುಮ್ಮನಿದ್ದೆ. ಆದರೆ ಮಗಳು ಕವನ ಬಸಿರಾದಳು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅದು ನನ್ನ ಹಕ್ಕು ಅಂತಲೇ ತಿಳಿದಿದ್ದೆ. ಅವಳಿಗೆ ಬಿಪಿ ಸ್ವಲ್ಪ ಹೆಚ್ಚಿತ್ತು, ತೋರಿಸುತ್ತಿದ್ದ ಡಾಕ್ಟರು ಶಿವಮೊಗ್ಗದಲ್ಲಿದ್ದರು. ಅದಕ್ಕೇ ಅವಳ ಅತ್ತೆ ಶಕುಂತಲಮ್ಮ ಫೋನಿನಲ್ಲಿ ಮೊದಲೇ ಬಿಚ್ಚಿ ಹೇಳಿದ್ದರು. "ಬೀಗ್ತೀರೇ, ಬೇಜಾರು ಮಾಡ್ಕೋಬೇಡಿ. ಹೊತ್ತಲ್ಲದ ಹೊತ್ನಲ್ಲಿ ನೋವು ಬಂದ್ರೆ ಡಾಕ್ಟ್ರ ಹತ್ರ ಓಡ್ಬೇಕಲ್ಲ. ಕಾರು ಬಾಗಿಲಲ್ಲಿ ಇರತ್ತೆ ಅಂದ್ರೆ ಮಾತ್ರ ಕಳಿಸ್ತೀನಿ. ಸೀಮಂತದ ದಿನ ನಿಮ್ ಕಾರಲ್ಲೇ ಬಂದು ಕರ್ಕೊಂಡ್ ಹೋಗಿ." ಇವರು ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಕಾರಿದೆ ಬಿಡಿ ತಾಯಿ, ಚಿಂತೆ ಯಾಕೆ" ಅಂದರು. ಆ ಮಾತಿಗೆ ನಾನು ಹಿರಿಹಿರಿ ಹಿಗ್ಗಿದೆ. ಕವನಳ ಕೋಣೆಗೆ ಸುಣ್ಣ ಹೊಡೆಸಿದೆ, ಹಳೇ ಸೀರೆ ಒಗೆದು ಮಡಚಿ ಕೂಸಿಗೆ ಬಟ್ಟೆ ಮಾಡಿಟ್ಟೆ.

ಸೀಮಂತದ ಬೆಳಿಗ್ಗೆ ಹಸಿರು ಸೀರೆ, ಹಸಿರು ಬಳೆ, ಹೂವು, ತಂಬಿಟ್ಟು, ಚಿಗಳಿ ಎಲ್ಲವನ್ನೂ ಹಿಂದಿನ ಸೀಟಿಗೆ ಪೇರಿಸಿ, ಗಸಗಸೆ ಪಾಯಸದ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತೆ. ಇವರು ಕಾರನ್ನು ಇಳಿಜಾರು ಹತ್ತಿಸಿದರು. ಕಂಬಗಳ ನಡುವೆ ನಿಲ್ಲಿಸಿ ಎಂಜಿನ್ ಆರಿಸಿದರು.

"ಇವತ್ತೊಂದಿನ ಬೇಡ ಕಣ್ರೀ" ಅಂದೆ.

"ದೂರದ ದಾರಿ. ನೋಡ್ದೆ ಹೋಗೋಕಾಗತ್ತಾ?"

ಭದ್ರಾವತಿಯಿಂದ ಶಿವಮೊಗ್ಗ ಅದ್ಯಾವ ಸೀಮೆಯ ದೂರವೋ! ಅವರ ಕಡೆಯ ಕಂಬಕ್ಕೂ ಬಾಗಿಲಿಗೂ ನಡುವೆ ತೆಳ್ಳಗಿನ ಮನುಷ್ಯ ನುಸುಳುವಷ್ಟು ಜಾಗವಿತ್ತು, ನುಸುಳಿದರು. ನನ್ನ ಕಡೆ ಕಂಬ ಬಾಗಿಲಿಗೆ ಅಂಟಿಕೊಂಡೇ ಇತ್ತು. ಬಾನೆಟ್ ಎದ್ದು ಗಾಜಿಗೆ ಅಡ್ಡವಾಯಿತು. ರಸ್ತೆ ಮರೆಯಾಯಿತು, ಇವರೂ ಮರೆಯಾದರು. ಎದುರಿಗೆ ಬಿಳೀ ತಗಡು, ಪಕ್ಕದಲ್ಲಿ ಕಂಬ, ತೊಡೆಯ ಮೇಲೆ ಬಿಸಿ ಪಾತ್ರೆ. ಕೂತಲ್ಲೇ ಬೆವೆತುಹೋದೆ. ಇಷ್ಟು ತಿಂಗಳು ಮನೆಯೊಳಗೆ ಅನುಭವಿಸಿದ್ದನ್ನೆಲ್ಲ ಯಾರೋ ಡಬ್ಬಿಗೆ ತುಂಬಿ, ನನ್ನನ್ನೂ ಅದರೊಳಗೆ ಹಾಕಿ ಮುಚ್ಚಿದ ಹಾಗಾಯಿತು. ಕೂಗಿಕೊಳ್ಳಬೇಕು ಅನ್ನಿಸಿತು.

ರಸ್ತೆಯಿಂದ ಅಕ್ರಂನ ಹೆಂಡತಿ ಹಾಜರಾಳ ದನಿ ಕೇಳಿಸಿತು. "ಇನ್ನೂ ಹೊರಡ್ಲಿಲ್ವಾ ಅಣ್ಣ? ಇವ್ರು ಆಯನೂರಿಗೆ ಬಾಡಿಗೆಗೆ ಹೋಗ್ಬಿಟ್ರಲ್ಲ, ಇದ್ದಿದ್ರೆ ಬಿಟ್ಟು ಬರ್ತಿದ್ರು."

"ಬೇಡಮ್ಮ, ನಮ್ ಕಾರೇ ಇದೆಯಲ್ಲ" ಎಂದರು ಇವರು. ಆಮೇಲೆ ಕಡ್ಡಿ ಹಿಡಿದುಕೊಂಡು ತಮ್ಮ ಕಡೆಯ ಕಿಟಕಿಯ ಸಂದಿಗೆ ಬಂದು, "ಇಲ್ಲ ಜಯಾ. ಕೆಳಗಿನ ಗೆರೆ ಮುಟ್ಟಿಲ್ಲ" ಎಂದರು.

ಅಷ್ಟರಲ್ಲಿ ಸೀರೆಗೆ ಏನೋ ಬಿಸಿ ತಾಗಿತು. ಪಾಯಸ ತುಳುಕಿತ್ತು. ಮುಚ್ಚಳ ತೆಗೆದು ನೋಡಿದೆ. ನಾನು ತುಂಬಿಸಿದ್ದು ಮುಕ್ಕಾಲು ಪಾತ್ರೆ. ಈಗ ನನ್ನ ಕಡೆ ಅಂಚಿನವರೆಗೆ ಏರಿತ್ತು, ಆಚೆ ಕಡೆ ಪಾತ್ರೆಯ ಗೋಡೆ ಬೋಳಾಗಿ ಕಾಣುತ್ತಿತ್ತು. ಕಾರಿನ ಮೂತಿ ಮೇಲೆ, ಬಾಲ ಕೆಳಗೆ, ಪಾಯಸ ಇನ್ನೇನು ಮಾಡೀತು? ಕಾರಿನ ಹೊಟ್ಟೆಯ ಎಣ್ಣೆ ತಾನೇ ಇನ್ನೇನು ಮಾಡೀತು? ಹಿಂದಕ್ಕೆ ಸರಿದಿರುತ್ತದೆ. ಮುಂದಿರುವ ಕಡ್ಡಿಗೆ ಸಿಗುವುದಾದರೂ ಎಲ್ಲಿಂದ?

"ರೀ, ಗಾಡಿ ಹಿಂದಕ್ಕೆ ಬಿಡಿ" ಅಂದೆ. "ಅಂಗಳದಲ್ಲಿ ನಿಲ್ಸಿ ನೋಡಿ. ಇಲ್ಲಿ ಓರೆಯಾಗಿ ನಿಂತಿದೆ, ಎಣ್ಣೆಯೆಲ್ಲ ಹಿಂದಕ್ಕೆ ಹೋಗಿದೆ."

ಇವರು ಬಾನೆಟ್ ಇಳಿಸಿ, ಒಳಗೆ ನುಸುಳಿ ಕೂತು, ಕಾರನ್ನು ನಿಧಾನಕ್ಕೆ ಅಂಗಳಕ್ಕೆ ಇಳಿಸಿದರು. ನಾನು ಇಳಿದೆ. ಬಾನೆಟ್ ನಾನೇ ಎತ್ತಿಸಿದೆ. ಕಡ್ಡಿಗೆ ಕೈ ಹಾಕಿದರೆ ಇವರು ತಡೆದರು.

"ಈಗ್ಲೇ ಬೇಡ. ಮೇಲಿರೋ ಆಯಿಲ್ಲು ಕೆಳಗಿಳೀಬೇಕು. ಸ್ವಲ್ಪ ಹೊತ್ತು ಬಿಟ್ಟು ನೋಡ್ಬೇಕು."

ದನಿ ಬಹಳ ಸಣ್ಣದಿತ್ತು. ಕಾದೆವು. ಆಮೇಲೆ ಕಡ್ಡಿ ಎಳೆದೆ. "ಒರೆಸು" ಎಂದರು. ಬಟ್ಟೆಯಿಂದ ಒರೆಸಿದೆ. "ಪೂರ್ತಿ ಒಳಗೆ ಹೋಗೋ ಹಾಗೆ ಹಾಕು. ಈಗ ತೆಗಿ. ನೆಟ್ಟಗೆ ಹಿಡ್ಕೊ." ಒಬ್ಬ ಮೇಷ್ಟ್ರು ಹೇಳಿಕೊಟ್ಟ ಹಾಗೆ ಒಂದೊಂದೂ ಹೇಳಿದರು. ಎಣ್ಣೆ ಎರಡು ಗೆರೆಗಳ ನಡುವೆ, ಮೇಲಿನ ಗೆರೆಗೆ ಹತ್ತಿರವೇ ಇತ್ತು. ಕಡಿಮೆ ಅನ್ನುವ ಮಾತೇ ಇರಲಿಲ್ಲ.

ಆಗ ನನಗೆ ಹೊಳೆಯಿತು. ಜೀವಮಾನವಿಡೀ ನೀರಿನ ಮಟ್ಟ ನೋಡಿದ ಮನುಷ್ಯನಿಗೆ, ಓರೆ ನಿಂತದ್ದರಲ್ಲಿ ಮಟ್ಟ ಸರಿಯಾಗಿ ಸಿಗುವುದಿಲ್ಲ ಅನ್ನುವುದು ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಅಲ್ಲಿ ನಿಲ್ಲಿಸುತ್ತಿದ್ದರು.

"ಆಯಿಲ್ ಸರಿ ಇದೆ" ಅಂದೆ. "ಹೊರಡೋಣ."

ಹೋಗಿ ಸ್ಟೇರಿಂಗ್ ಮುಂದೆ ಕೂತರು. ಕೀಲಿಯ ಮೇಲೆ ಕೈಯಿಟ್ಟರು. ವಾಪಸ್ಸು ತೆಗೆದರು.

"ಆಗಲ್ಲ ಜಯಾ. ಆ ಸೇತುವೆ ಕಣ್ಮುಂದೆ ಬರತ್ತೆ. ಹಿಂದಿನ ಹಾರ್ನು ಈಗ್ಲೂ ಕಿವೀಲಿದೆ."

"ಒಂದು ಮಾತು ಮೊದ್ಲೇ ಹೇಳಬಾರ್ದಿತ್ತಾ?"

"ಊರೆಲ್ಲ ಕಾರು ಕಾರು ಅಂತ ಹೇಳ್ಕೊಂಡ್ ತಿರುಗಿದ್ದೀನಿ. ಏನಂತ ಹೇಳ್ಲಿ?"

ಸಿಟ್ಟು ನೆತ್ತಿಗೇರಿತು. ಅವರ ಮುಖ ನೋಡಿದರೆ ಕರುಳು ಚುರುಕ್ಕೆಂದಿತು. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಎರಡಕ್ಕೂ ಪುರುಸೊತ್ತಿರಲಿಲ್ಲ. ಸೀರೆ, ಬಳೆ, ಹೂವು ಚೀಲಕ್ಕೆ ತುಂಬಿ ಅವರ ಕೈಗೆ ಕೊಟ್ಟು, ಪಾಯಸ ನಾನು ಎತ್ತಿಕೊಂಡು, ಬಸ್ ಸ್ಟಾಪಿಗೆ ನಡೆದೆ. ತಲೆ ತಗ್ಗಿಸಿಕೊಂಡು ಹಿಂದೆ ಬಂದರು. ಬಸ್ಸಿನಲ್ಲಿ ಜಾಗ ಸಿಗಲಿಲ್ಲ, ನಿಂತೇ ಹೋದೆವು. ಸೇತುವೆ ಬಂದಾಗ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡರು.

ಗೋಪಾಳದ ಮನೆಯಲ್ಲಿ ಎಲ್ಲರೂ ನಮಗೇ ಕಾಯುತ್ತಿದ್ದರು. ಶಕುಂತಲಮ್ಮ ನಮ್ಮ ಹಿಂದೆ ಬೀದಿ ನೋಡಿದರು. "ಕಾರೆಲ್ಲಿ ಬೀಗ್ರೇ?"

ನಾನು ಬಾಯಿ ತೆರೆಯುವ ಮುಂಚೆ ಇವರೇ ಹೇಳಿದರು, "ಆಯಿಲ್ ಕಡಿಮೆ ಇತ್ತು."

ಅಳಿಯ ಆನಂದ್ ಒಳ್ಳೆಯವನು, ಯಾರ ಮಾತನ್ನೂ ಅನುಮಾನಿಸುವವನಲ್ಲ. "ಅಷ್ಟೇನಾ ಮಾವ? ನಾಳೆ ಆಯಿಲ್ ತಗೊಂಡು ನಾನೇ ಬರ್ತೀನಿ. ಇವತ್ತೊಂದಿನ ಟ್ಯಾಕ್ಸಿ ಮಾಡಿ ಕಳಿಸ್ತೀನಿ" ಎಂದ. ಶಕುಂತಲಮ್ಮನೂ ಸರಿ ಅಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಸಂಜೆಗೆ ಮಗಳು ನನ್ನ ಮನೆಯಲ್ಲಿ.

ಶಾಸ್ತ್ರವೆಲ್ಲ ಚೆನ್ನಾಗಿಯೇ ನಡೆಯಿತು. ಹಸಿರು ಸೀರೆಯುಟ್ಟ ಮಗಳಿಗೆ ನಾನೇ ಬಳೆ ತೊಡಿಸಿದೆ, ಮಡಿಲು ತುಂಬಿದೆ. ಅವಳ ಕಾಲು ಊದಿಕೊಂಡಿತ್ತು. ಬ್ಯಾಗು ಆಗಲೇ ಕಟ್ಟಿಟ್ಟಿದ್ದಳು. ಊಟಕ್ಕೆ ಕೂತಾಗ ನನ್ನ ಭುಜಕ್ಕೆ ತಲೆಯಿಟ್ಟು ಹೇಳಿದಳು.

"ಅತ್ತೆ ಸುಮ್ನೆ ಹೆದರ್ತಾರಮ್ಮ. ನಂಗೇನೂ ಭಯ ಇಲ್ಲ. ಎಷ್ಟೊತ್ತಿಗೆ ನೋವು ಬಂದ್ರೂ ಅಪ್ಪ ಕಾರು ತೆಗೀತಾರೆ, ಅಲ್ವಾ ಅಪ್ಪ?"

ಇವರು ಎಲೆಯಿಂದ ತಲೆ ಎತ್ತಲಿಲ್ಲ. ಹೂಂ ಅಂದರು.

ಆ ಹೂಂ ಎಂಥದ್ದು ಅಂತ ನನಗೆ ಗೊತ್ತಿತ್ತು. ನೋವು ತಿನ್ನುತ್ತಿರುವ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಇವರು ಕಂಬಗಳ ನಡುವೆ ಕಾರು ನಿಲ್ಲಿಸಿ ಬಾನೆಟ್ ಎತ್ತುವುದು ಕಣ್ಣಿಗೆ ಕಟ್ಟಿತು. ಅವಳು ಕೂಗಿದರೂ ಬಾಗಿಲು ತೆರೆಯುವುದಿಲ್ಲ. ಅಕ್ರಂ ಆ ಹೊತ್ತಿಗೆ ಯಾವ ಊರಿನ ಬಾಡಿಗೆಯಲ್ಲಿರುತ್ತಾನೋ ದೇವರೇ ಬಲ್ಲ.

ಎದ್ದು ನಿಂತೆ. ಶಕುಂತಲಮ್ಮನ ಮುಂದೆ ಕಡ್ಡಿ ಮುರಿದ ಹಾಗೆ ಹೇಳಿದೆ. "ಆಯಿಲ್ ಸರಿಯಾಗೇ ಇದೆ. ನಾನೇ ನೋಡಿದ್ದೀನಿ. ಇವರಿಗೆ ಕಾರು ಓಡ್ಸೋಕೆ ಧೈರ್ಯ ಇಲ್ಲ. ಆ ಕಾರನ್ನ ನಂಬಿ ಮಗಳನ್ನ ಕಳಿಸ್ಬೇಡಿ."

ಬಡಿಸುತ್ತಿದ್ದವರ ಕೈ ನಿಂತಿತು. ಆನಂದ್ ನೆಲ ನೋಡಿದ. ಶಕುಂತಲಮ್ಮ "ಹಂಗಾದ್ರೆ ಬಾಣಂತನ ಇಲ್ಲೇ ಆಗ್ಲಿ ಬಿಡಿ. ನೀವೇ ಬಂದು ಹೋಗಿ ಮಾಡಿ" ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಕವನ ನನ್ನಿಂದ ಸರಿದು ಕೂತಳು. "ಎಲ್ರ ಮುಂದೆ ಅಪ್ಪನ ಮಾನ ಕಳೀಬೇಕಿತ್ತೇನಮ್ಮ? ನಾನು ಬರೋದು ನಿಂಗೆ ಬೇಡ್ವಾಗಿದ್ರೆ ಹಾಗಂತ ಹೇಳಬಹುದಿತ್ತು" ಎಂದಳು.

ಇವರ ಮುಖ ನೋಡಿದೆ. ನಾಚಿಕೆ ಇರುತ್ತದೆ, ಇಲ್ಲವೇ ನನ್ನ ಮೇಲೆ ಕೋಪ ಇರುತ್ತದೆ ಅಂದುಕೊಂಡಿದ್ದೆ. ಎರಡೂ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ಹೊಟ್ಟೆತುಂಬ ಉಸಿರೆಳೆದುಕೊಂಡರು. ಆ ಸುಳ್ಳಿನಿಂದ ಅವರಿಗೆ ಬಿಡುಗಡೆಯಾಗಿತ್ತು. ಮಗಳನ್ನು ಕೊಟ್ಟು ನಾನೇ ಬಿಡಿಸಿದ್ದೆ. ಎಲೆ ಹತ್ತಿರಕ್ಕೆ ಎಳೆದುಕೊಂಡು, "ಇನ್ನೊಂಚೂರು ಅನ್ನ ಬಡಿಸಿ" ಎಂದರು.