ಮಂಡಲ ಪ್ರಧಾನರ ಸಾಕ್ಷಿ

"ಅಜ್ಜಿ, ನೀನು ಸುಮ್ನೆ ನಿನ್ನ ಸ್ಟೋರಿ ಹೇಳು. ನಾನು ಟ್ರಾನ್ಸ್‌ಲೇಟ್ ಮಾಡ್ತೀನಿ," ಎಂದು ನಮ್ರತಾ ಮೈಕನ್ನು ಶಾಂತವ್ವನ ಗದ್ದದ ಎತ್ತರಕ್ಕೆ ಬಗ್ಗಿಸಿದಳು.

ಅಮೆರಿಕದ ರಾಕ್‌ವಿಲ್‌ನ ಲೈಬ್ರರಿಯೊಂದರ ಸಭಾಕೋಣೆಯಲ್ಲಿ ಆ ಶನಿವಾರ ಮಧ್ಯಾಹ್ನ ಅರವತ್ತು ಜನರಿದ್ದರು. ದೇಶದ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕೇ, ಅಥವಾ ಸಂವಿಧಾನದಲ್ಲಿ ಬರೆದಂತೆ ರಾಜ್ಯಗಳ ಪ್ರತಿನಿಧಿಗಳ ಮೂಲಕವೇ ಆಗಬೇಕೇ ಎಂಬುದು ಚರ್ಚೆ. ಹೆಚ್ಚು ಓಟು ಪಡೆದವರು ಸೋತು ಕಡಿಮೆ ಪಡೆದವರು ಗೆದ್ದ ಚುನಾವಣೆ ಮುಗಿದು ಎರಡು ವರ್ಷವಾಗಿದ್ದರೂ ಅದರ ಕಾವು ಆರಿರಲಿಲ್ಲ. ನೇರ ಮತದ ಪರವಾಗಿ ಹೈಸ್ಕೂಲಿನ ಕೊನೆಯ ವರ್ಷದ ನಮ್ರತಾ, ವಿರುದ್ಧವಾಗಿ ನಿವೃತ್ತ ವಕೀಲರೊಬ್ಬರು.

ಅಜ್ಜಿಯನ್ನು ಕರೆತಂದದ್ದು ನಮ್ರತಾಳದೇ ಯೋಚನೆ. ಅಜ್ಜಿ ಧಾರವಾಡದ ಕಡೆ ಮಂಡಲ ಪಂಚಾಯತಿ ಮೆಂಬರಾಗಿದ್ದಳು, ಅಲ್ಲಿ ಅಧ್ಯಕ್ಷರಾದ ಪ್ರಧಾನರನ್ನು ಆರಿಸುತ್ತಿದ್ದದ್ದು ಜನರಲ್ಲ, ಮೆಂಬರುಗಳು. ಹಿಂದಿನ ವಾರ ಆಸ್ಪತ್ರೆಯ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ತಾಯಿ ವಿಜಯಶ್ರೀ ಹೇಳಿದ್ದು ಇಷ್ಟೇ. ಅಜ್ಜಿಗೆ ಅನ್ಯಾಯವಾಗಿರಬೇಕೆಂದು ಮೊಮ್ಮಗಳು ತಾನೇ ತೀರ್ಮಾನಿಸಿಬಿಟ್ಟಿದ್ದಳು.

ಶಾಂತವ್ವ ಮೈಕಿಗೆ ಹೆದರುವ ಹೆಂಗಸಲ್ಲ. "ನಮ್ಮ ಮಂಡಲದಾಗ ನಾಕ ಊರು," ಎಂದು ಶುರುಮಾಡಿದಳು. "ಒಂದು ದೊಡ್ಡದು, ಮೂರು ಸಣ್ಣವು. ಮಂದಿ ಎಣಿಸಿದ್ರ ಮೂರೂ ಸಣ್ಣೂರು ಕೂಡಿದ್ರೂ ದೊಡ್ಡೂರ ಹೆಚ್ಚು. ಆದ್ರ ದೊಡ್ಡೂರಿನವ್ರು ಏಳು ಮಂದಿ ಮೆಂಬರು, ಸಣ್ಣೂರಿನವ್ರು ಎಂಟು. ದೊಡ್ಡೂರಾಗ ಕರಬಸಪ್ಪ ಅಂತಿದ್ದ. ಜನಾನ ಆರಿಸಿದ್ರ ಅಂವನ ಪ್ರಧಾನ ಆಗ್ತಿದ್ದ, ಸುಳ್ಳಲ್ಲ. ಆದ್ರ ನಾವು ಎಂಟೂ ಮಂದಿ ಒಂದಾದ್ವಿ. ನಾ ಪ್ರಧಾನ ಆದೆ."

"ಅಜ್ಜಿ... ನೀನು ಗೆದ್ದಿದ್ಯಾ?"

"ಹೌದವಾ. ಸೋತೀನಿ ಅಂತ ನಿನಗ ಯಾರ ಹೇಳಿದ್ರು?" ಎಂದ ಶಾಂತವ್ವ ಮುಂದುವರಿಸಿದಳು. "ನಮ್ಮೂರ ಹೆಣ್ಣಮಕ್ಕಳು ಎರಡು ಮೈಲಿ ನಡದು ನೀರು ತರ್ತಿದ್ರು. ಕರಬಸಪ್ಪಗ ನಮ್ಮ ಓಟು ಬೇಕಾಗಿದ್ದಿಲ್ಲ, ಅದಕ್ಕ ನಮ್ಮೂರ ದಾರಿನೂ ಗೊತ್ತಿದ್ದಿಲ್ಲ. ಮೂರೂ ಊರಿಗೆ ನಾ ಬೋರ್ ಹಾಕಿಸಿದೆ. ಇದನ್ನೂ ಹೇಳು ಇವರಿಗೆ."

ಸಭೆ ಕಾಯುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ವಿಜಯಶ್ರೀಯನ್ನು ಬಿಟ್ಟರೆ ಅಲ್ಲಿ ಕನ್ನಡ ತಿಳಿದವರಿರಲಿಲ್ಲ. ಏನು ಹೇಳಿದರೂ ನಡೆಯುತ್ತಿತ್ತು. ನಮ್ರತಾ ಒಮ್ಮೆ ತಾಯಿಯ ಕಡೆ ನೋಡಿದಳು. ತಾಯಿ ತಲೆಯಾಡಿಸಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ.

ನಮ್ರತಾ ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಏಳು, ಎಂಟು, ಎರಡು ಮೈಲಿ, ಬೋರ್, ಕರಬಸಪ್ಪನೇ ಗೆಲ್ಲುತ್ತಿದ್ದ ಎಂಬುದನ್ನೂ.

ವಕೀಲರು ಜೋರಾಗಿ ಚಪ್ಪಾಳೆ ತಟ್ಟಿ, ತಮ್ಮ ವಾದವನ್ನು ಈ ತಾಯಿಯೇ ಮುಗಿಸಿದರು ಎಂದರು. ಕೋಣೆಯೆಲ್ಲ ನಕ್ಕಿತು. ಆದರೂ ನಮ್ರತಾ ತಿರುಗಿದ್ದು ವಕೀಲರ ಕಡೆಗಲ್ಲ.

"ಅಜ್ಜಿ, ಇನ್ನೊಂದು ಕ್ವೆಶ್ಚನ್. ಆ ದೊಡ್ಡ ಊರಿನ ಜನ ನಿನ್ನನ್ನ ಏನೂ ಕೇಳ್ಲಿಲ್ವಾ?"

ಶಾಂತವ್ವ ಸೆರಗು ಸರಿಮಾಡಿಕೊಂಡಳು. "ಕೇಳಿದ್ರು. ಕರಬಸಪ್ಪನ ಹೆಂಡ್ತಿ ಒಂದಿನ ದಾರ್‍ಯಾಗ ತಡದು ನಿಲ್ಲಿಸಿದ್ಲು. 'ಅಕ್ಕಾ, ನಿಮ್ಮೂರ ಹೆಂಗಸಿನ ಓಟಿಗಿಂತ ನನ್ನ ಓಟು ಹಗುರೇನು?' ಅಂದ್ಲು."

"ನೀನು ಏನಂದೆ?"

"ನಾಳೆ ಹೇಳ್ತೀನಿ ಅಂದೆ. ಮೂವತ್ತು ವರ್ಷ ಆತು. ಇನ್ನೂ ಹೇಳಿಲ್ಲ."

ನಮ್ರತಾ ಅದನ್ನೂ ಹೇಳಿದಳು, ಅಷ್ಟೇ ನಿಧಾನವಾಗಿ. ಈ ಸಲ ಚಪ್ಪಾಳೆ ಬರಲಿಲ್ಲ. ಮುಂದಿನವರನ್ನು ಕರೆಯಬೇಕಿದ್ದ ಲೈಬ್ರರಿಯಾಕೆ ಕೈಯಲ್ಲಿದ್ದ ಪಟ್ಟಿಯನ್ನು ನೋಡಲು ಮರೆತು ಶಾಂತವ್ವನನ್ನೇ ನೋಡುತ್ತಿದ್ದಳು.

ಸಭೆ ಮುಗಿದು ಪಾರ್ಕಿಂಗ್ ಲಾಟಿಗೆ ಬಂದಾಗ ಶಾಂತವ್ವ ಕೇಳಿದಳು, "ನಿನ್ನ ಕಡಿ ಮಾತಾಡ್ಲಿಲ್ಲಂತ ಸಿಟ್ಟೇನು?"

"ಇಲ್ಲ. ಬಟ್ ನೀನು ರಾಂಗ್, ಅಜ್ಜಿ."

"ಹಂಗಾರ ನಮ್ಮೂರಿಗೆ ನೀರು ಯಾರ ಕೊಡಸ್ತಿದ್ರು? ಹೇಳು ನೋಡೋಣು."

"ಎಲ್ಲರ ಓಟೂ ಬೇಕು ಅಂತಿದ್ರೆ ಆ ಕರಬಸಪ್ಪನೇ ನಿಮ್ಮೂರಿಗೆ ಬರ್ತಿದ್ದ!"

"ಬರ್ತಿದ್ನಾ? ಅಂವಾ?"

ಇಬ್ಬರೂ ದಾರಿಯ ನಡುವೆಯೇ ನಿಂತುಬಿಟ್ಟರು. ವಿಜಯಶ್ರೀ ಕಾರಿನ ಬಾಗಿಲು ತೆರೆದು ಹಿಡಿದೇ ಇದ್ದಳು. ಹೊರಗೆ ಹೋಗಬೇಕಿದ್ದ ಕಾರೊಂದು ಹಾರ್ನ್ ಮಾಡದೆ ಸ್ವಲ್ಪ ಹೊತ್ತು ಕಾದು, ಕೊನೆಗೆ ಅಜ್ಜಿ ಮೊಮ್ಮಗಳನ್ನು ಬಳಸಿಕೊಂಡು ನಿಧಾನವಾಗಿ ಹೋಯಿತು.